ಅಕ್ಕನ ಹಲ್ಲು

ಅಮೃತೂರು
೧೨-೯-೧೯೭೮

ಕುಣಿಗಲ್ಲಿನಲ್ಲಿ ಅರ್ಜಿ ಬರೆದುಕೊಡುವ ಚನ್ನಬಸವಯ್ಯನವರಿಗೆ ಜೈನಬ್ ಬೀ ಮಾಡುವ ಸಲಾಮು. ನಾನು ಹೇಳುತ್ತಿದ್ದೇನೆ, ಪಕ್ಕದ ಮನೆ ಶಕೀಲಾ ಬರೆಯುತ್ತಿದ್ದಾಳೆ.

ನನ್ನ ವೃದ್ಧಾಪ್ಯ ವೇತನಕ್ಕೆ ನೀವು ಬರೆದ ಮೇಲರ್ಜಿಯನ್ನು ದಯಮಾಡಿ ಕಚೇರಿಗೆ ಕೊಡಬೇಡಿ. ವಯಸ್ಸಿನ ಚೀಟಿ ಕೇಳಿದರೆ ಡಾಕ್ಟರು ನನ್ನ ಬಾಯಿ ನೋಡಿ, "ಹಲ್ಲೆಲ್ಲ ಗಟ್ಟಿಯಾಗವೆ, ಅರವತ್ತೈದು ಎಲ್ಲಾಯ್ತಮ್ಮ" ಎಂದು ಕಳಿಸಿಬಿಟ್ಟರು. ನನ್ನ ತಂಗಿ ಖುರ್ಷಿದಾಗೆ ಬಾಣಂತನದಲ್ಲೇ ಹಲ್ಲು ಹೋಗಿದ್ದವು. ಅವಳ ಬೊಚ್ಚುಬಾಯಿ ನೋಡಿ ಎಪ್ಪತ್ತು ಎಂದು ಬರೆದುಕೊಟ್ಟರು. ಹೋದ ವರ್ಷದಿಂದ ಅವಳಿಗೆ ಮನಿಯಾರ್ಡರ್ ಬರುತ್ತಿದೆ.

ತಂಗಿಗೆ ಕೊಟ್ಟ ಮೇಲೆ ಅಕ್ಕನಿಗೆ ಯಾಕಿಲ್ಲ ಎಂದು ಅರ್ಜಿಯಲ್ಲಿ ನೀವು ಬರೆದದ್ದು ನ್ಯಾಯವೇ. ಪ್ಲೇಗಿಗೆ ಊರು ಬಿಟ್ಟಾಗ ಅವಳನ್ನು ಸೊಂಟದ ಮೇಲೆ ಹೊತ್ತವಳು ನಾನು. ಆದರೆ ನನ್ನ ವಯಸ್ಸು ಸರಿ ಮಾಡಲು ಕೂತವರು ಅವಳದನ್ನೂ ಸರಿ ಮಾಡಿದರೆ ಅವಳ ಮನಿಯಾರ್ಡರ್ ನಿಂತುಹೋಗುತ್ತದೆ.

ಖುರ್ಷಿದಾ ಗುರುವಾರ ಬಸ್ಸಿಗೆ ನಿಮ್ಮ ಹತ್ತಿರ ಬರುತ್ತಾಳೆ. "ನಾನೇ ಚಿಕ್ಕೋಳು ಅಂತ ಹೆಬ್ಬೆಟ್ಟು ಒತ್ತಿ ಬರ್ತೀನಿ, ನೀನು ಸುಮ್ಕಿರು ಆಪಾ" ಎಂದು ಹಟ ಹಿಡಿದಿದ್ದಾಳೆ. ಒತ್ತಿಸಿಕೊಳ್ಳಬೇಡಿ. ಅರ್ಜಿ ಕೊಡುವ ವಾಯಿದೆ ಮುಗಿಯಿತು ಎಂದು ಹೇಳಿ, ಒಂದು ಲೋಟ ಟೀ ಕುಡಿಸಿ ಕಳಿಸಿ. ನಾನು ಬರೆಸಿದ್ದು ಅವಳಿಗೆ ತಿಳಿಯುವುದು ಬೇಡ.

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂದು ನೀವು ಅವತ್ತು ನಕ್ಕಿರಿ. ಗಂಡಂದಿರು ಹೋದ ಮೇಲೆ ನಮ್ಮಿಬ್ಬರದೂ ಒಂದೇ ಒಲೆ, ಅಯ್ಯನವರೇ. ದುಡ್ಡು ಬಂದ ದಿನ ಅವಳು ಕಡಲೆ ತರುತ್ತಾಳೆ. ಅವಳ ಪಾಲನ್ನು ನಾನು ಕುಟ್ಟಿ ಪುಡಿ ಮಾಡಿ ಕೊಡುತ್ತೇನೆ.

ಇಂತಿ,
ಇನ್ನು ಮೇಲೆ ಖುರ್ಷಿದಾಳ ತಂಗಿ,
ಜೈನಬ್ ಬೀ