ಗುರುವಾರ ಕಿತ್ತ ಎಲೆ

ಮಾನ್ಯ ಕೋಕೋ ರೋಗ ನಿಯಂತ್ರಣಾಧಿಕಾರಿಗಳೇ,

ಬರುವ ಸೋಮವಾರ ತಮ್ಮ ಗರಗಸದವರು ನನ್ನ ಆರುನೂರು ಕೋಕೋ ಮರಗಳನ್ನು ಉರುಳಿಸಲು ಬರುತ್ತಾರೆಂದು ನೋಟಿಸು ಬಂದಿದೆ. ಕಾಂಡ ಊದುವ ರೋಗವಂತೆ. ನನ್ನ ಹೆಸರಿನ ಪೊಟ್ಟಣದ ಎಲೆಗಳಲ್ಲಿ ವೈರಸ್ಸಿನ ವಂಶವಾಹಿ ಸಿಕ್ಕಿದೆಯಂತೆ. ಸಿಕ್ಕಿರಬಹುದು. ಆದರೆ ಆ ಎಲೆಗಳು ನನ್ನ ಮರದವಲ್ಲ.

ತಮ್ಮವರು ಎಲೆ ಕಿತ್ತದ್ದು ಗುರುವಾರ. ಅಂದು ಭೂತಾಯಿಗೆ ಬಿಡುವು. ನಮ್ಮ ಸೀಮೆಯಲ್ಲಿ ಯಾರೂ ತೋಟಕ್ಕೆ ಕಾಲಿಡುವುದಿಲ್ಲ. ಇದನ್ನು ತಿಳಿಯಲು ಪ್ರಯೋಗಾಲಯ ಬೇಕಿರಲಿಲ್ಲ, ದಾರಿಯಲ್ಲಿ ಬಾಳೆಕಾಯಿ ಸುಡುವ ಹೆಂಗಸನ್ನು ಕೇಳಿದ್ದರೆ ಸಾಕಿತ್ತು. ಗಡಿ ತೋರಿಸುವವರಿಲ್ಲದೆ, ಹಳ್ಳ ದಾಟಿ ನನ್ನ ತೋಟಕ್ಕೆ ಬರುವ ಕಷ್ಟವನ್ನೂ ಪಡದೆ, ರಸ್ತೆಬದಿಯಲ್ಲಿ ಕೈಗೆ ಸಿಕ್ಕ ಎಲೆ ಕಿತ್ತು ನನ್ನ ಹೆಸರು ಬರೆದುಕೊಂಡು ಹೋದರು. ಎಲೆ ತೆಗೆದ ಮರಕ್ಕೆ ಕೆಂಪು ಬಣ್ಣ ಬಳಿಯುವುದು ತಮ್ಮದೇ ನಿಯಮ. ನನ್ನ ಒಂದೊಂದು ಮರವನ್ನೂ ಸುತ್ತಿ ನೋಡಿದ್ದೇನೆ, ಒಂದು ಚುಕ್ಕೆಯೂ ಇಲ್ಲ. ವೈರಸ್ಸಿನ ವಂಶಾವಳಿಯನ್ನು ಅಕ್ಷರ ಬಿಡದೆ ಓದುವ ಯಂತ್ರ ತಮ್ಮಲ್ಲಿದೆ. ಎಲೆ ಯಾವ ಮರದ್ದೆಂದು ನೋಡುವ ಕಣ್ಣು ಒಂದಾದರೂ ಬೇಡವೇ?

ಜಿಲ್ಲಾ ಕಚೇರಿಗೆ ಹೋದೆ. "ಯಂತ್ರ ಸುಳ್ಳು ಹೇಳಲ್ಲಮ್ಮ," ಎಂದರು ಅಲ್ಲಿಯ ಸಾಹೇಬರು.

"ಹೇಳಲ್ಲ ಸಾರ್. ಅದರ ಬಾಯಿಗೆ ಬೇರೆಯವರ ಎಲೆ ಹಾಕಿದ್ದು ಯಾರು ಅಂತ ಕೇಳ್ತಿದೀನಿ."

ಅವರು ಫೈಲು ಮುಚ್ಚಿದರು. ಯಾರ ಎಲೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳುವುದು ಹೇಗೆ? ಕೆಂಪು ಗುರುತು ಇರುವುದು ಹಳ್ಳದಾಚೆ, ರಸ್ತೆಬದಿಯ ತೋಟದ ಹಿರಿಯ ಕೊಜೊ ಬಾಡು ಅವರ ಮರಗಳ ಮೇಲೆ. ನನ್ನ ಗಂಡ ತೀರಿಕೊಂಡ ವರ್ಷ ನನ್ನ ಕೋಕೋ ಕಾಯಿಗಳನ್ನೆಲ್ಲ ಒಡೆದು, ಬೀಜ ಒಣಗಿಸಿ ಕೊಟ್ಟವರು ಅವರು. ನಾನು ಬಾಯಿಬಿಟ್ಟರೆ ಗರಗಸ ಅವರ ಕಡೆ ತಿರುಗುತ್ತದೆ.

ನಿನ್ನೆ ಅವರೇ ನಮ್ಮ ಅಂಗಳಕ್ಕೆ ಬಂದರು.

"ಬರಿ ತಂಗಿ, ನನ್ ಹೆಸರೇ ಬರಿ. ಮೂರು ವರ್ಷದಿಂದ ಕೊಂಬೆ ಊದ್ಕೊಂಡಿದೆ, ನಂಗೆ ಗೊತ್ತು. ಕಡೀತಾರಲ್ಲ ಅಂತ ಸುಮ್ನಿದ್ದೆ. ನಿನ್ ಮರ ಬಿದ್ಮೇಲೆ ಈ ಕಡೆ ತಲೆಯೆತ್ತಿ ನೋಡೋಕಾಗತ್ತಾ ನನ್ಗೆ?"

ಇಬ್ಬರೂ ಅತ್ತೆವು. ಅದಕ್ಕೇ ಬರೆಯುತ್ತಿದ್ದೇನೆ. ಸೋಮವಾರ ತಾವು ಕಡಿಯುವುದು ಆರೋಗ್ಯದ ಮರಗಳನ್ನು, ಉಳಿಸುವುದು ರೋಗವನ್ನು. ಇದಕ್ಕೆ ನಿಯಂತ್ರಣವೆಂದು ಹೆಸರೇ?

ಸೋಮವಾರದೊಳಗೆ, ಗುರುವಾರವೊಂದು ಬಿಟ್ಟು ಯಾವ ದಿನವಾದರೂ ತಮ್ಮವರನ್ನು ಕಳಿಸಿ. ನಮ್ಮಿಬ್ಬರ ಎದುರಿಗೆ ಎಲೆ ಕೀಳಲಿ, ಪರೀಕ್ಷೆ ಮುಗಿಯುವವರೆಗೆ ಗರಗಸ ನಿಲ್ಲಲಿ. ಬಾಡು ಅವರಿಗೆ ಹೊಸ ಸಸಿ ಕೊಡುವ ಮಾತನ್ನು ಬರೆದು ತರಲಿ. ನನ್ನ ಮರದಲ್ಲಿ ರೋಗ ಕಂಡರೆ ಮೊದಲ ಏಟು ನಾನೇ ಹಾಕುತ್ತೇನೆ. ಎಲೆ ಕೀಳುವವರಿಗಿಂತ ಮೊದಲು ಗರಗಸವೇ ಬಂದರೆ, ನಾವಿಬ್ಬರೂ ನನ್ನ ಮರಗಳ ಬುಡದಲ್ಲಿ ಕೂತಿರುತ್ತೇವೆ. ಎಬ್ಬಿಸಲು ತಾವೇ ಬರಬೇಕಾಗುತ್ತದೆ.

ಇಂತಿ,
ತಮ್ಮ ಪೊಟ್ಟಣದ ಮೇಲೆ ಹೆಸರು ಮಾತ್ರ ಇರುವ,
ಅಫಿಯಾ ಬ್ರಾಗೊ
ಸೆಫ್ವಿ ಸೀಮೆ, ಘಾನಾ