ಅಮ್ಮನ ಭಾಷೆ ಬಲ್ಲವಳ ವೀಸಾ

ಬ್ರಿನ್‌ಹೆಲಿಗ್ ವೃದ್ಧಾಶ್ರಮ, ಉತ್ತರ ವೇಲ್ಸ್
೨೩ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಅಣ್ಣ ಮೆರಿಯನ್,

ಹೇಗಿದ್ದೀಯ? ಮೊಣಕಾಲಿನ ಶಸ್ತ್ರಚಿಕಿತ್ಸೆ ಆದಮೇಲೆ ನಡೆದಾಡುತ್ತಿದ್ದೀಯೋ, ಇಲ್ಲ ಕುರ್ಚಿಯಲ್ಲಿ ಕೂತು ಎಲ್ಲದಕ್ಕೂ ಜೋನ್‌ಳನ್ನೇ ಓಡಿಸುತ್ತಿದ್ದೀಯೋ? ಪಾಪ ಅವಳು. ಇಲ್ಲಿ ಅಮ್ಮ ಎಂಬತ್ತೇಳಕ್ಕೆ ಎಷ್ಟು ಚೆನ್ನಾಗಿರಬಹುದೋ ಅಷ್ಟು ಚೆನ್ನಾಗಿದ್ದಾಳೆ. ನೀನು ಕಳಿಸಿದ ಉಣ್ಣೆಯ ಚಪ್ಪಲಿ ಎದುರು ಕೋಣೆಯ ಮಿಸ್ಟರ್ ಪ್ರಿದರ್ಕ್‌ದು ಎಂದು ಹಟ ಹಿಡಿದು ದಿನವೂ ಅವರ ಬಾಗಿಲಲ್ಲಿಟ್ಟು ಬರುತ್ತಾಳೆ. ನನ್ನ ರಕ್ತದೊತ್ತಡದ ಸುದ್ದಿ ಮಾತ್ರ ಕೇಳಬೇಡ. ಇಷ್ಟುದ್ದ ಬರೆಯುವ ಬದಲು ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕಿ, ಸರ್ಕಾರದ ಕೆಲಸ ಅಂದರೆ ಅಷ್ಟೇ ಬಿಡು ಎಂದು ನಕ್ಕುಬಿಡುತ್ತೀಯ. ಈ ಸಲ ಪೂರ್ತಿ ಕೇಳಿಸಿಕೊಳ್ಳಬೇಕು.

ರತಿಜೊಳ ವಿಷಯ ನಿನಗೆ ಅಷ್ಟಿಷ್ಟು ಗೊತ್ತು. ಜಿಂಬಾಬ್ವೆಯ ಮುಟಾರೆ ಊರಿನವಳು, ಹೋದ ವರ್ಷದ ಮೇ ತಿಂಗಳಿಂದ ನಾನು ನಡೆಸುವ ಈ ಆಶ್ರಮದಲ್ಲಿ ಮುದುಕರನ್ನು ನೋಡಿಕೊಳ್ಳುತ್ತಿರುವವಳು. ಅವಳು ಬರುವುದಕ್ಕೆ ಎರಡೇ ತಿಂಗಳ ಮುಂಚೆ ನಿಯಮ ಬದಲಾಗಿತ್ತು. ಈ ಕೆಲಸಕ್ಕೆ ಬರುವವರು ಇನ್ನು ಮಕ್ಕಳನ್ನು ಕರೆತರುವಂತಿಲ್ಲ. ಏಳು ವರ್ಷದ ಮಗ ಅನೇಸುವನ್ನು ತನ್ನ ತಾಯಿಯ ಮಡಿಲಿಗೆ ಹಾಕಿ ಬಂದಳು. ಇಲ್ಲಿ ಹತ್ತೊಂಬತ್ತು ಜನರಲ್ಲಿ ಏಳು ಜನಕ್ಕೆ ಮರೆವಿನ ಕಾಯಿಲೆಯಿಂದ ಈಗ ಇಂಗ್ಲಿಷ್ ಉಳಿದಿಲ್ಲ. ಅಮ್ಮನ ತಲೆಯಿಂದಲೂ ಹೋದ ಚಳಿಗಾಲದಲ್ಲಿ ಅದು ಜಾರಿಹೋಯಿತು, ಚಿಕ್ಕಂದಿನ ವೆಲ್ಷ್ ಒಂದೇ ಉಳಿದಿದೆ. ಯಾರೂ ಹೇಳದೆ, ಯಾರೂ ಕೇಳದೆ ಈ ಹುಡುಗಿ ವೆಲ್ಷ್ ಕಲಿತಳು ಮೆರಿಯನ್. ಮೊದಲು 'ನೋವಾ?', 'ಚಳಿಯಾ?', ಆಮೇಲೆ ಜಗಳ ಆಡುವಷ್ಟು. ನಮ್ಮ ಕಡೆಯ ಮೊಮ್ಮಕ್ಕಳು ಅಜ್ಜಿಯನ್ನು ಕರೆಯುವ ಹಾಗೆ ಅಮ್ಮನನ್ನು 'ನೈನ್' ಎಂದು ಕರೆಯುತ್ತಾಳೆ. ಅವಳ ವೀಸಾ ಮುಂದುವರಿಸುವ ಅರ್ಜಿಯಲ್ಲಿ ಇಂಗ್ಲಿಷ್ ಬರುತ್ತದೆಯೇ ಎಂಬುದಕ್ಕೆ ಪ್ರಮಾಣಪತ್ರ ಬೇಕು. ನಮ್ಮ ಮುದುಕರ ಭಾಷೆ ಬರುತ್ತದೆಯೇ ಎಂದು ಕೇಳುವ ಒಂದು ಸಾಲೂ ಇಲ್ಲ. ನಾನು ಅಂಚಿನಲ್ಲಿ ಕೈಯಲ್ಲಿ ಬರೆದು ಕಳಿಸೋಣವೆಂದಿದ್ದೆ. ಅರ್ಜಿ ಕಂಪ್ಯೂಟರಿನಲ್ಲಿ, ಅದಕ್ಕೆ ಅಂಚೇ ಇಲ್ಲ.

ಈ ಜುಲೈಯಲ್ಲಿ ಇನ್ನೊಂದು ಬದಲಾವಣೆ. ಹೊರದೇಶದಿಂದ ಹೊಸಬರನ್ನು ಈ ಕೆಲಸಕ್ಕೆ ಕರೆಸುವುದೇ ಬಂದ್. ರತಿಜೊಳ ಚಿಕ್ಕಮ್ಮನ ಮಗಳನ್ನು ಆರಿಸಿ, ಅವಳಿಗೆಂದು ಹಿಂದಿನ ಕೋಣೆಗೆ ಹಳದಿ ಬಣ್ಣ ಹೊಡೆಸಿದ್ದೆ. ಅದೀಗ ಗಾಲಿಕುರ್ಚಿಗಳ ಗೋದಾಮು. ಇಲ್ಲಿಯವರನ್ನೇ ತೆಗೆದುಕೊಳ್ಳಿ ಎನ್ನುತ್ತಾರೆ. ಬೇಡವೆಂದವರು ಯಾರು? ಜಾಹೀರಾತು ಕೊಟ್ಟು ಕೊಟ್ಟು ಸೋತೆ. ಒಬ್ಬ ಹುಡುಗಿ ಬಂದು ಮಧ್ಯಾಹ್ನದ ಊಟಕ್ಕೆ ಹೋದವಳು ಊಟ ಮಾಡುತ್ತಲೇ ಇದ್ದಾಳೆ ಅಂತ ಕಾಣುತ್ತದೆ, ಇನ್ನೂ ಬಂದಿಲ್ಲ. ಒಬ್ಬರಿಗೆ ಭಾನುವಾರ ಬಸ್ಸಿಲ್ಲ, ಅದು ನಿಜವೇ, ಅವರ ತಪ್ಪಲ್ಲ. ನಮ್ಮೂರ ಹೈವೆಲ್‌ನ ಮಗ ಎಂಟು ದಿನ ಇದ್ದ, ಒಳ್ಳೆಯವನು, ಮುದುಕರಿಗೂ ಇಷ್ಟವಾಗಿದ್ದ, ಆದರೆ ಸ್ನಾನ ಮಾಡಿಸುವುದು ನನ್ನ ಕೈಲಾಗದು ಎಂದು ಅಳುತ್ತಾ ಹೇಳಿ ಸೂಪರ್‌ಮಾರ್ಕೆಟ್ಟಿಗೆ ಸೇರಿಕೊಂಡ. ಏಜೆನ್ಸಿಯವರು ದೂರದ ಪಟ್ಟಣದಿಂದ ಕಳಿಸುವ ಹುಡುಗಿಯರಿಗೆ ವೆಲ್ಷ್ ಬಾರದು, ಅಮ್ಮ ಅವರ ಮುಂದೆ ತುಟಿ ಬಿಗಿದು ಕೂರುತ್ತಾಳೆ.

ಇಷ್ಟರಲ್ಲಿ ಅಕ್ಟೋಬರಿನಲ್ಲಿ ತಪಾಸಣೆ. ಹೊರದೇಶದವರನ್ನು ಇಟ್ಟುಕೊಳ್ಳುವ ಪರವಾನಗಿ ನಮ್ಮ ಹೆಸರಲ್ಲಿರುವುದರಿಂದ ವಲಸೆ ಇಲಾಖೆಯ ಒಬ್ಬ ತರುಣ ಲ್ಯಾಪ್‌ಟಾಪ್ ಹಿಡಿದು ಬಂದ. ಮರ್ಯಾದಸ್ಥನೇ, ಒದ್ದೆ ಬೂಟನ್ನು ಬಾಗಿಲಲ್ಲೇ ಬಿಚ್ಚಿದ. ಆದರೆ ಅವತ್ತೇ ಅಡುಗೆಯ ಬ್ರೆಂಡಾ ಸೊಂಟ ಹಿಡಿದು ಮಲಗಿದ್ದಳು, ರತಿಜೊ ಒಲೆಯ ಮುಂದೆ ನಿಂತು ಓಟ್ಸ್ ಗಂಜಿ ತಿರುವುತ್ತಿದ್ದಳು. ವೀಸಾದಲ್ಲಿ ಯಾವ ಕೆಲಸ ಬರೆದಿದೆಯೋ ಅದನ್ನೇ ಮಾಡಬೇಕು. ಇವರು ಆರೈಕೆಯವರೋ ಅಡುಗೆಯವರೋ ಎಂದು ಅವನು ನನ್ನನ್ನು ಕೇಳಿದ. ಪರವಾನಗಿ ಹೋದರೆ ಇವಳೊಬ್ಬಳಲ್ಲ, ವೀಸಾದ ಮೇಲೆ ಬಂದ ಇನ್ನೂ ಮೂವರು ಹೋಗುತ್ತಾರೆ, ಅವರು ಹೋದರೆ ನಾವು ಬಾಗಿಲು ಹಾಕಬೇಕು. ರತಿಜೊ ಸೌಟು ಕೆಳಗಿಡದೆ ತಾನೇ ಹೇಳಿದಳು: "ನೈನ್‌ಗೆ ಗಂಜಿ ಗಟ್ಟಿ ಆದ್ರೆ ಗಂಟಲಲ್ಲಿ ಸಿಕ್ಕೊಳತ್ತೆ, ನೀರಾದ್ರೆ ಶ್ವಾಸನಾಳಕ್ಕೆ ಹೋಗತ್ತೆ. ಎಷ್ಟು ಗಟ್ಟಿ ಇರ್ಬೇಕು ಅಂತ ಅವರ ಚಾರ್ಟಲ್ಲಿದೆ, ನೋಡಿ ಸರ್. ಇದು ಅಡುಗೆ ಅಲ್ಲ, ಆರೈಕೆ."

ಅವನು ಚಾರ್ಟ್ ನೋಡಿದ, ಟೈಪ್ ಮಾಡಿದ, ಆಮೇಲೆ ಅಮ್ಮನ ಕೋಣೆಗೂ ಬಂದ. ರತಿಜೊ ಚಮಚ ಹಿಡಿದು, ರಾತ್ರಿ ಕುರಿಗಳೆಲ್ಲ ಕೊಟ್ಟಿಗೆ ಸೇರಿದವೋ ಇಲ್ಲವೋ ಎಂದು ವೆಲ್ಷ್‌ನಲ್ಲಿ ಕೇಳುತ್ತಾ ಕೇಳುತ್ತಾ ಬಟ್ಟಲು ಖಾಲಿ ಮಾಡಿಸಿದಳು. ಅಮ್ಮ ಆ ತರುಣನನ್ನು ಮೇಲಿಂದ ಕೆಳಗೆ ನೋಡಿ ನಮ್ಮ ಭಾಷೆಯಲ್ಲಿ ಅಂದಳು: "ಇವನು ಯಾರ ಮನೆಯವನೇ? ಕೂದಲು ಕತ್ತರಿಸ್ಕೊಂಡು ಬರೋಕೆ ಹೇಳು." ಅಜ್ಜಿ ಏನಂದರು ಎಂದು ಅವನು ಕೇಳಿದ. ರತಿಜೊ ಮುಖದ ಒಂದು ಗೆರೆಯೂ ಅಲ್ಲಾಡದ ಹಾಗೆ, ನೀವು ಬಂದದ್ದು ಅವರಿಗೆ ತುಂಬಾ ಸಂತೋಷವಂತೆ ಎಂದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಆಮೇಲೆ ಐದು ವಾರ ಕಾದೆವು. ಇಲಾಖೆ ಒಂದು ಕಾಗದ ಕೇಳುವುದು, ನಾನು ಮೂರು ಕಳಿಸುವುದು. ಕಳೆದ ಸೋಮವಾರ ಉತ್ತರ ಬಂತು. ಪರವಾನಗಿ ಉಳಿಯಿತು, ರತಿಜೊಳ ವೀಸಾ ಮುಂದುವರಿಯಿತು. ನಾನು ಹುಚ್ಚಿಯ ಹಾಗೆ ಪೇಟೆಗೆ ಓಡಿ ಕೇಕ್ ತಂದೆ. ಎಲ್ಲರೂ ತಿಂದರು, ಅವಳು ಮುಟ್ಟಲಿಲ್ಲ. ನನ್ನ ಆಫೀಸಿಗೆ ಬಂದು ಬಾಗಿಲು ಹಾಕಿ, ಆಸ್ಟ್ರೇಲಿಯಾದ ಒಂದು ವೃದ್ಧಾಶ್ರಮದಲ್ಲಿ ತನಗೆ ಕೆಲಸ ಸಿಕ್ಕಿದೆ, ಅಲ್ಲಿ ಮಗನನ್ನೂ ಕರೆದುಕೊಳ್ಳಬಹುದು, ಹೊಸ ವರ್ಷಕ್ಕೆ ಬಿಡುತ್ತೇನೆ ಅಂದಳು.

ನನಗೆ ಬಂದ ಕೋಪ ನಿನಗೆ ಹೇಗೆ ಹೇಳಲಿ. "ಐದು ವಾರ ನಿನ್ನ ಕಾಗದದ ಹಿಂದೆ ಸತ್ತಿದೀನಿ. ಒಂದು ಮಾತು ಮೊದ್ಲೇ ಹೇಳೋಕಾಗ್ಲಿಲ್ವಾ?" ಅಂದೆ. ಹೇಳಿದ್ದರೆ ನೀವು ಅರ್ಜಿ ಹಾಕುತ್ತಿರಲಿಲ್ಲ, ಅಲ್ಲಿಯದೂ ಕೈತಪ್ಪಿದ್ದರೆ ನನಗೆ ಇಲ್ಲೂ ನೆಲೆ ಇಲ್ಲ ಅಲ್ಲೂ ಇಲ್ಲ ಅಂದಳು. ನಾನು ಅದಕ್ಕೂ ಏನೋ ಅಂದೆ, ಬರೆಯಲು ನಾಚಿಕೆ, ಉಪಕಾರ ಅನ್ನುವ ಪದ ಅದರಲ್ಲಿತ್ತು. ಅದಕ್ಕೆ ಅವಳು ಹೇಳಿದಳು: "ನಿಮ್ಮಮ್ಮನ ಬಾಯಲ್ಲಿ ಎಷ್ಟು ಹಲ್ಲಿದೆ ಅಂತ ನನಗೆ ಗೊತ್ತು ಎಲುನೆಡ್. ನನ್ನ ಮಗಂದು ಹಾಲುಹಲ್ಲು ಎಷ್ಟು ಬಿದ್ದಿದೆ ಅಂತ ಗೊತ್ತಿಲ್ಲ."

ಎರಡು ದಿನ ನಾನು ಅವಳ ಜೊತೆ ಮಾತಾಡಲಿಲ್ಲ. ಅವಳು ಎಂದಿನಂತೆಯೇ ಅಮ್ಮನ ತಲೆ ಬಾಚಿದಳು, ಎಂದಿನಂತೆಯೇ ಚಾರ್ಟ್ ತುಂಬಿದಳು, ಅದು ನನ್ನನ್ನು ಇನ್ನೂ ಉರಿಸಿತು. ಗುರುವಾರ ಅಲ್ಲಿಯ ಆಶ್ರಮದಿಂದ ಅವಳ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ನನಗೇ ಪತ್ರ ಬಂತು. ಮೂರು ಸಲ ಬರೆದೆ. ಮೊದಲನೆಯದು ಒಣಕಲು, ಎರಡನೆಯದರಲ್ಲಿ ಹೊಟ್ಟೆಕಿಚ್ಚು ಕಾಣುತ್ತಿತ್ತು. ಮೂರನೆಯದರಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದು, ಓದಿ ನೋಡದೆ ಕಳಿಸಿಬಿಟ್ಟೆ. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯುತ್ತಿಲ್ಲ ಮೆರಿಯನ್. ಅವಳ ಮೇಲೆ ಆಗುವಂತಿಲ್ಲ. ನಿಯಮ ಬರೆದವರ ಮುಖ ನಾನು ಕಂಡಿಲ್ಲ, ಅವರ ಅಮ್ಮಂದಿರಿಗೆ ಗಂಜಿ ಯಾರು ಕುಡಿಸುತ್ತಾರೋ ಅದೂ ಗೊತ್ತಿಲ್ಲ. ಕೈಗೆ ಸಿಗುವವನು ನೀನೊಬ್ಬನೇ, ಅದಕ್ಕೇ ಸಿಟ್ಟನ್ನೆಲ್ಲ ನಿನ್ನ ಮೇಲೆ ಸುರಿದೆ. ಔಷಧಿಯ ಹೊತ್ತಾಯಿತು, ಗಂಟೆ ಒತ್ತುತ್ತಿದ್ದಾರೆ.

ಜೋನ್‌ಗೆ ನನ್ನ ಅಪ್ಪುಗೆ ತಿಳಿಸು, ಮೊಮ್ಮಕ್ಕಳ ಕೆನ್ನೆಗೆ ಅಮ್ಮನ ಮುತ್ತು. ನೀನು ಹುಷಾರು.

ನಿನ್ನ ತಂಗಿ,
ಎಲುನೆಡ್

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಮುಖ್ಯವಾದದ್ದು ಬರೆಯುತ್ತೇನೆ. ರತಿಜೊಗೆ ಕೆಲಸ ಸಿಕ್ಕಿರುವುದು ನಿಮ್ಮ ಪರ್ತ್‌ನಲ್ಲೇ. ಜನವರಿ ಹದಿನಾರರ ಬೆಳಿಗ್ಗೆ ಇಳಿಯುತ್ತಾಳೆ, ಅನೇಸು ಎರಡು ವಾರ ಬಿಟ್ಟು ಬರುತ್ತಾನೆ. ಎರಡೂ ಸಲ ವಿಮಾನ ನಿಲ್ದಾಣಕ್ಕೆ ನೀನೇ ಹೋಗಬೇಕು. ಮತ್ತೆ ಇನ್ನೊಂದು. ಪಕ್ಕದಲ್ಲಿ ಯಾರಾದರೂ ವೆಲ್ಷ್ ಮಾತಾಡದಿದ್ದರೆ ಅಮ್ಮ ಬೆಳಿಗ್ಗೆ ಗಂಜಿಗೆ ಬಾಯಿ ತೆರೆಯುವುದಿಲ್ಲ, ಒಂಬತ್ತಕ್ಕೆ ನಾನು ಹತ್ತೊಂಬತ್ತು ಜನರ ಮಾತ್ರೆ ಹಂಚುತ್ತಿರುತ್ತೇನೆ. ರತಿಜೊ ಹೊರಟ ದಿನದಿಂದ ನೀನು ದಿನಾ ಒಂಬತ್ತಕ್ಕೆ ಫೋನ್ ಮಾಡು, ನಿನಗದು ಸಂಜೆ ಐದು. ಚಮಚ ಏಜೆನ್ಸಿಯ ಹುಡುಗಿ ಹಿಡಿಯುತ್ತಾಳೆ, ಫೋನನ್ನು ಅಮ್ಮನ ಬಟ್ಟಲಿಗೆ ಒರಗಿಸಿಟ್ಟು ಹೋಗುತ್ತೇನೆ. ಕುರಿ, ಮಳೆ, ಏನಾದರೂ ಮಾತಾಡು, ಬಟ್ಟಲು ಖಾಲಿಯಾಗುವವರೆಗೆ ನಿಲ್ಲಿಸಬೇಡ. ನಾನು ಈ ಪತ್ರವನ್ನು ಇಂಗ್ಲಿಷಿನಲ್ಲಿ ಯಾಕೆ ಬರೆದೆನೆಂದು ನಿನಗೆ ಗೊತ್ತು. ವೆಲ್ಷ್ ಮರೆತಿದ್ದರೆ ರತಿಜೊಳನ್ನು ಕೇಳಿ ಕಲಿತುಕೋ.