ಹಳದಿ ಕಾರ್ಡಿನಲ್ಲಿ ಇಲ್ಲದ ಸಾಲು

ಸೆಪ್ಟೆಂಬರ್ 9, 2025. ಮಂಗಳವಾರ. ಬೆಳಿಗ್ಗೆ 6.40

ಫೆಡರಲ್ ಕಟ್ಟಡದ ಸೆಕ್ಯುರಿಟಿಯವರು ಕೊಟ್ಟ ಮಾತು: ಹತ್ತು ದಿನದೊಳಗೆ ವಿಡಿಯೋ. ಆ ಆಫೀಸರ್‌ನ ಹೆಸರು. ದೂರಿಗೆ ಬರಹದಲ್ಲಿ ಉತ್ತರ.

ಅವರು ನಿರಾಕರಿಸಿದ್ದು: ವಿಡಿಯೋ ಇಲ್ಲ, ತನಿಖೆಯಲ್ಲಿದೆಯಂತೆ. ಹೆಸರು ಇಲ್ಲ, ಭದ್ರತೆಯ ಕಾರಣವಂತೆ. ಉತ್ತರ ಇಲ್ಲ. ಅದಕ್ಕೆ ಕಾರಣವನ್ನೂ ಹೇಳಿಲ್ಲ.

ಪಟ್ಟಿ ಮಾಡುವುದು ಹಳೆಯ ಚಾಳಿ. ರಾಯಚೂರಿನಲ್ಲಿ ಧರಣಿ ಕೂರುತ್ತಿದ್ದ ಕಾಲದಲ್ಲಿ ಕಲಿತದ್ದು. ಮೊದಲು ಪಟ್ಟಿ, ಆಮೇಲೆ ಮಾತು. ಇವತ್ತೂ ಒಲೆಯ ಮೇಲೆ ಚಹಾ ಇಟ್ಟು, ಕರ್ನಿ ಮೆಸಾದ ಕಾನೂನು ನೆರವಿನ ಆಫೀಸಿಗೆ ಹೊರಡುವ ಮೊದಲು ಬರೆದೆ. ಕೈ ಅಲ್ಲಿಗೇ ನಿಲ್ಲಬೇಕಿತ್ತು.

ನಾನು ಕೊಟ್ಟ ಮಾತು: ಲಾಯರ್ ಬರೆದದ್ದನ್ನು ಒಂದು ಸಾಲೂ ಬಿಡದೆ ಕನ್ನಡಕ್ಕೆ ತರುತ್ತೇನೆ.

ನಾನು ನಿರಾಕರಿಸಿದ್ದು: ಬಿಟ್ಟಿದ್ದೇನೆ ಎಂಬುದನ್ನು.

ಚಹಾ ಉಕ್ಕಿ ಒಲೆ ತುಂಬ ಹರಿದಿದೆ.

ಅದೇ ದಿನ, ಸಂಜೆ 5.15

ನಡೆದದ್ದನ್ನು ಒಂದು ಸಲ ನೆಟ್ಟಗೆ ಬರೆದಿಡುತ್ತೇನೆ. ಎಲ್ಲರಿಗೂ ಅರ್ಧರ್ಧವೇ ಹೇಳಿದ್ದೇನೆ.

ಆಗಸ್ಟ್ 28, ಗುರುವಾರ. ನಮ್ಮ ಕನ್ನಡ ಸಂಘದ ಅಪ್ಪಾಸಾಹೇಬರು ತಾವಿರುವ ಊರು ಡೈಮಂಡ್ ಬಾರ್‌ನಿಂದ ಲಾಸ್ ಏಂಜಲೀಸ್ ಡೌನ್‌ಟೌನ್‌ಗೆ ಬಂದಿದ್ದರು. ಸೇತುವೆ ಎಂಜಿನಿಯರ್, ಅರವತ್ತೆರಡು ವರ್ಷ. ಹೆಂಡತಿ ಗುರುಶಾಂತವ್ವನವರಿಗೆ ಅವತ್ತು ಕೇಂದ್ರ ಸರ್ಕಾರದ ಫೆಡರಲ್ ಕಟ್ಟಡದಲ್ಲಿ ಕಾಗದಪತ್ರದ ಕೆಲಸವಿತ್ತು. ಆಕೆ ಹೊರಗೆ ಬಂದಾಗ ಹತ್ತಿಸಿಕೊಳ್ಳಲು ಗಾಡಿ ನಿಲ್ಲಿಸಬಾರದೆಂದು ಕೆಂಪು ಬಣ್ಣ ಹೊಡೆದ ಕಡೆ ಒಂದು ನಿಮಿಷ ಗಾಡಿ ನಿಲ್ಲಿಸಿದರು. ಕಟ್ಟಡದ ಸೆಕ್ಯುರಿಟಿ ಆಫೀಸರ್ ಕೂಗಿದ. ಇವರು ಕೈಯೆತ್ತಿ ಸಾರಿ ಅಂದು, ಹೆಂಡತಿಯನ್ನು ಹತ್ತಿಸಿಕೊಂಡು ಹೊರಟರು. ಅಷ್ಟಕ್ಕೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮೂರು ಬ್ಲಾಕ್ ದಾಟಿದ ಮೇಲೆ ಅವನ ಗಾಡಿ ಹಿಂದೆ ಬಂತು, ನಿಲ್ಲಿಸು ಅನ್ನುವ ಮಿನುಗು ಲೈಟ್ ಹಾಕಿಕೊಂಡು.

ಕಟ್ಟಡ ಕಾಯಲು ಸಂಬಳ ತೆಗೆದುಕೊಳ್ಳುವವನಿಗೆ ಊರ ಬೀದಿಯಲ್ಲಿ ಏನು ಕೆಲಸ? ಒಂದು ನಿಮಿಷದ ಪಾರ್ಕಿಂಗ್‌ನಿಂದ ಆ ಕಟ್ಟಡಕ್ಕೆ ಯಾವ ಅಪಾಯ? ಕೇಳಿದ್ದೇನೆ, ಕೇಳುತ್ತೇನೆ, ಬಿಡುವುದಿಲ್ಲ. ಹೀಗೆ ಸಿಟ್ಟು ಮಾಡುವುದು ನನಗೆ ಸುಲಭ. ಸಿಟ್ಟಿನ ಹಿಂದೆ ಅಡಗಿ ಕೂರುವುದೂ ಸುಲಭ.

ಅಪ್ಪಾಸಾಹೇಬರು ನಿಲ್ಲಿಸಲಿಲ್ಲ. ತಲೆಯ ಮೇಲಿನ ಸನ್‌ವೈಸರ್‌ನಲ್ಲಿ ಸಿಕ್ಕಿಸಿದ್ದ, ನಾವು ಹಂಚಿದ್ದ ಹಕ್ಕುಗಳ ಹಳದಿ ಕಾರ್ಡ್ ತೆಗೆದು ಕಿಟಕಿಯಿಂದ ಹೊರಗೆ ಹಿಡಿದರು. ಹಾಗೆ ಹಿಡಿದುಕೊಂಡೇ ಒಂದೂವರೆ ಮೈಲಿ, ಮೆಲ್ಲಗೆ. ಕೊನೆಗೆ ಊರ ಪೊಲೀಸರು ಬಂದು ಅಡ್ಡ ಹಾಕಿದರು. ಗಾಡಿಯಿಂದ ಇಳಿಸುವಾಗ ಬಲಭುಜ ಕೀಲು ತಪ್ಪಿತು. ಲೈಟ್ ಕಂಡೂ ನಿಲ್ಲಿಸದೆ ಓಡಿದರು ಅಂತ ಕೇಸ್. ಸೆಪ್ಟೆಂಬರ್ 30ಕ್ಕೆ ಕೋರ್ಟ್. ಅಕ್ಟೋಬರ್‌ನಲ್ಲಿ ಅವರ ಸಿಟಿಜನ್‌ಶಿಪ್ ಇಂಟರ್‌ವ್ಯೂ ಇದೆ, ಅದರ ಮೇಲೂ ಈಗ ತೂಗುಕತ್ತಿ.

ಆ ಕಾರ್ಡ್‌ನ ಕನ್ನಡ ನನ್ನದು.

ಸೆಪ್ಟೆಂಬರ್ 10. ಬುಧವಾರ. ಬೆಳಿಗ್ಗೆ

ಕಾರ್ಡ್‌ನ ಇಂಗ್ಲಿಷ್ ಬರೆದವಳು ವಿಭಾ. ನಾನು ವಾಲಂಟಿಯರ್ ಕೆಲಸ ಮಾಡುವ ಆಫೀಸಿನ ಲಾಯರ್. ಮೂವತ್ತೊಂದು ವರ್ಷ, ಹುಟ್ಟಿದ್ದು ಇಲ್ಲೇ. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು. ಜೂನ್‌ನಲ್ಲಿ ವಲಸಿಗರನ್ನು ಹಿಡಿಯುವ ದಾಳಿಗಳಿಂದ ಊರು ಕುದಿಯುತ್ತಿದ್ದಾಗ ಎರಡು ಸಾಲು ಬರೆದುಕೊಟ್ಟಳು. ಮೊದಲನೆಯದು: ಕಟ್ಟಡ ಕಾಯುವ ಫೆಡರಲ್ ಆಫೀಸರ್‌ಗೆ ಬೀದಿಯಲ್ಲಿ ಟ್ರಾಫಿಕ್ ತಡೆಯುವ ಅಧಿಕಾರಕ್ಕೆ ಮಿತಿ ಇದೆ. ಎರಡನೆಯದು: ಆದರೂ ಲೈಟ್ ಹಾಕಿದರೆ ನಿಲ್ಲಿಸಿ, ವಾದ ಆಮೇಲೆ ಕೋರ್ಟಿನಲ್ಲಿ.

ಮೊದಲ ಸಾಲು ಬಡಿದು ತಿದ್ದಿ ಘೋಷಣೆ ಮಾಡಿದೆ. “ಕಟ್ಟಡ ಕಾಯುವ ಕೈಗೆ ಬೀದಿಯ ಮೇಲೆ ಅಧಿಕಾರವಿಲ್ಲ!” ಮಿತಿ ಅನ್ನುವ ಮಾತು ಸಪ್ಪೆ ಅನಿಸಿತು, ತೆಗೆದೆ. ಎರಡನೆಯ ಸಾಲು ಹೇಡಿತನ ಅನಿಸಿತು. ತಲೆ ತಗ್ಗಿಸು ಅಂತ ಹೇಳಲು ಕಾರ್ಡ್ ಯಾಕೆ? ಅದನ್ನೂ ಹೊಡೆದುಹಾಕಿದೆ. ಯಾರನ್ನೂ ಕೇಳಲಿಲ್ಲ. ನನ್ನ ಕನ್ನಡ ತಿದ್ದುವವರು ಇಲ್ಲಿ ಯಾರು? ಸಂಘದ ಪಿಕ್ನಿಕ್‌ನಲ್ಲಿ ಗಟ್ಟಿಯಾಗಿ ಓದಿದೆ. ಚಪ್ಪಾಳೆ. ನಾನೂರು ಕಾರ್ಡ್ ಅವತ್ತೇ ಖಾಲಿ.

ಆಗಸ್ಟ್ 29ಕ್ಕೆ ವಿಭಾ ಫೋನ್ ಮಾಡಿದಳು. “ಆಂಟಿ, ಕಾರ್ಡ್‌ನಲ್ಲಿ ಸ್ಟಾಪ್ ಮಾಡಿ ಅಂತ ಇದೆ, ರೈಟ್?”

ಹೂಂ ಅಂದೆ.

ಒಂದೇ ಅಕ್ಷರ.

ಸೆಪ್ಟೆಂಬರ್ 11. ಗುರುವಾರ. ಮಧ್ಯಾಹ್ನ 1.00

ಆಫೀಸ್. ವಿಭಾ ಟೇಬಲ್ ಹತ್ತಿರ ಬಂದು ನಿಂತಳು. ಕೈಯಲ್ಲಿ ಅಪ್ಪಾಸಾಹೇಬರ ಫೈಲ್.

“ಸ್ಟಾಪ್‌ನ ಮೇಲೆ, ಅಂದ್ರೆ ಅವನು ಗಾಡಿ ತಡೆದಿದ್ರ ಮೇಲೆ, ನಮ್ಮ ಪಾಯಿಂಟ್ ಸ್ಟ್ರಾಂಗ್ ಇದೆ ಆಂಟಿ. ಮೂರು ಬ್ಲಾಕ್ ಆಚೆ, ಪಾರ್ಕಿಂಗ್ ವಿಷಯ, ಕಟ್ಟಡಕ್ಕೆ ಸಂಬಂಧ ಇಲ್ಲ. ಬಟ್ ಅಂಕಲ್ ನಿಲ್ಲಿಸ್ಲೇ ಇಲ್ಲ. ಲಿಮಿಟ್ ಕ್ರಾಸ್ ಆಯ್ತಾ ಇಲ್ವಾ ಅಂತ ಜಡ್ಜ್ ಹೇಳ್ಬೇಕು. ಮಿರರ್ ನೋಡ್ಕೊಂಡು ಡ್ರೈವರ್ ಹೇಳೋದಲ್ಲ.”

“ಅವರು ಕಾರ್ಡ್ ನಂಬಿ...” ಅಂದೆ.

“ಕಾರ್ಡ್ ನಿಲ್ಲಿಸಿ ಅಂತಾನೇ ಹೇಳತ್ತಲ್ಲ! ಐ ಟೋಲ್ಡ್ ಹಿಮ್ ದಟ್. ಎರಡನೇ ಲೈನ್ ಅವರು ಮಿಸ್ ಮಾಡಿದ್ದಾರೆ. ತಪ್ಪು ಒಪ್ಕೊಂಡು, ಶಿಕ್ಷೆ ಕಡಿಮೆ ಮಾಡಿಸ್ಕೊಳ್ಳೋ ಪ್ಲೀ ತಗೊಳ್ಳೋದೇ ಸೇಫ್.” ಮೇಜಿನ ಮೇಲೆ ಒಂದು ಹಳದಿ ಕಾರ್ಡ್ ಇಟ್ಟಳು. “ಫೈಲ್‌ಗೆ ಇದರ ಇಂಗ್ಲಿಷ್ ಬೇಕು. ನಿಮ್ಮ ಸೈನ್ ಜೊತೆ. ಮಂಡೇ ಓಕೆನಾ?”

ಕಾರ್ಡ್‌ನಲ್ಲಿ ಇರುವುದು ಒಂದು ಸಾಲು. ಎರಡು ಅಂತ ಬರೆದರೆ ಸುಳ್ಳು ಪ್ರಮಾಣ. ಒಂದು ಅಂತ ಬರೆದರೆ ನಾನು ಬಯಲು.

ಓಕೆ ಅಂದೆ.

ಸೆಪ್ಟೆಂಬರ್ 13. ಶನಿವಾರ. ಸಂಜೆ

ನನ್ನ ಮನೆ ಇರುವ ಪೆನಾಸ್ಕಿಟೋಸ್‌ನಿಂದ ಡೈಮಂಡ್ ಬಾರ್‌ಗೆ ಎರಡು ಗಂಟೆ ಡ್ರೈವ್. ದಾರಿಯುದ್ದಕ್ಕೂ ಹೇಳಿಕೊಂಡು ಹೋದೆ, ಬಾಗಿಲಲ್ಲೇ ಹೇಳಿಬಿಡಬೇಕು, ಚಪ್ಪಲಿ ಬಿಡುವ ಮೊದಲೇ.

“ಬರ್ರಿ ಅಕ್ಕಾರ, ಬರ್ರಿ! ಅಲ್ಲಿಂದ ಇಲ್ಲೀತನ ಒಬ್ಬರ ಬಂದ್ರೇನು? ಕೂಡ್ರಿ ಮೊದ್ಲ.” ಎಡಗೈಯಲ್ಲಿ ಕುರ್ಚಿ ಎಳೆದು ಕೊಟ್ಟರು. ಬಲಗೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ ತೂಗುಬಿದ್ದಿತ್ತು. ಚಪ್ಪಲಿ ಬಿಟ್ಟೆ. ಕೂತೆ. ಹೇಳಲಿಲ್ಲ.

ಗುರುಶಾಂತವ್ವ ರೊಟ್ಟಿ ಬಡಿಸಿದರು, ಜೊತೆಗೆ ಗಂಡನನ್ನೂ ತರಾಟೆಗೆ ತೆಗೆದುಕೊಂಡರು. “ನಿಲ್ಲಸ್ರಿ ನಿಲ್ಲಸ್ರಿ ಅಂತ ಬಾಯಿ ಬಡಕೊಂಡೆ ಅಕ್ಕಾರ. ಕೇಳಿದ್ರೇನು? ‘ಸುಮ್ನಿರು, ಅಕ್ಕಾರು ಬರದಾರ, ಇಂವಗ ಅಧಿಕಾರ ಇಲ್ಲ’ ಅಂದ್ರು. ನೀವು ಬರದಿದ್ದು ಖರೇನ ಇರತೈತಿ. ಇವರಿಗೆ ನೆಟ್ಟಗ ಓದಾಕ ಬರಂಗಿಲ್ಲ, ನೋಡ್ರಿ! ಸೇತುವಿ ಕಟ್ಟಾವ್ರಂತ, ಎರಡ ಸಾಲು ಓದಾಕ ಬರಂಗಿಲ್ಲ!”

ಅಪ್ಪಾಸಾಹೇಬರು ನಕ್ಕರು. ಆಮೇಲೆ ಎದ್ದು ಹೋಗಿ ಕಾರ್ಡ್ ತಂದರು. ಕನ್ನಡಕ ಹಾಕಿಕೊಂಡರು.

“ಅಕ್ಕಾರ, ಒಂದ್ ಮಾತು. ವಕೀಲಮ್ಮಾರು ಎರಡನೇ ಸಾಲು ಐತಿ ಅಂತಾರ. ನಾ ಹದಿನೈದ ದಿನದಿಂದ ನೋಡಾಕತ್ತೀನಿ. ಹಿಂದ ನೋಡಿದೆ, ಮುಂದ ನೋಡಿದೆ, ಬೆಳಕಿಗೆ ಹಿಡದೆ. ಎಲ್ಲೈತ್ರಿ ಅದು?”

ಕಾರ್ಡ್ ನನ್ನ ಕೈಗೆ ಕೊಟ್ಟರು. ಅನುಮಾನ ಇಲ್ಲ ಆ ಮುಖದಲ್ಲಿ. ತನ್ನ ಕಣ್ಣಿನ ಮೇಲೇ ಅನುಮಾನ.

ನೀರು ಕೇಳಿದೆ. ಕುಡಿದೆ. “ಪ್ರಿಂಟ್‌ನಲ್ಲಿ ಏನಾದರೂ ಆಗಿರಬಹುದು, ನೋಡ್ತೀನಿ” ಅಂದೆ.

ಥೂ.

“ಹಂಗಾದ್ರ ನಂದ ತಪ್ಪು ಅಂತ ಸೈನ್ ಮಾಡ್ತೀನ್ರಿ. ಮಂದಿ ಮೇಲೆ ಯಾಕ ಹಾಕೂದು?” ಅಂದರು.

ಗುರುಶಾಂತವ್ವ ಡಬ್ಬಿಯಲ್ಲಿ ಶೇಂಗಾ ಚಟ್ನಿ ಕಟ್ಟಿಕೊಟ್ಟರು. ತಗೊಂಡೆ. ಅದನ್ನೂ ತಗೊಂಡೆ.

ಸೆಪ್ಟೆಂಬರ್ 14. ಭಾನುವಾರ. ಬೆಳಿಗ್ಗೆ 11.00

ಸಂಘದ ಅಧ್ಯಕ್ಷರ ಫೋನ್. ಸೀತಾರಾಮ, ರಿಟೈರ್ಡ್ ಡಾಕ್ಟರ್. ದನಿ ಯಾವಾಗಲೂ ನಾಡಿ ಹಿಡಿದಿರುವ ಹಾಗೆ.

“ನೋಡಿ ದ್ರಾಕ್ಷಾಯಣಿ ಮೇಡಂ, ಸಂಘದ ಹೆಸರು ಎಲ್ಲೂ ಬರಬಾರದು ಅಷ್ಟೆ. ಆ ಹುಡುಗಿ ಲಾಯರ್ ಏನೋ ತಪ್ಪು ಅಡ್ವೈಸ್ ಕೊಟ್ಟಿದಾಳೆ ಅಂತ ಎಲ್ಲರೂ ಮಾತಾಡ್ಕೋತಿದಾರೆ. ಇರಲಿ ಬಿಡಿ. ಅವಳು ಯಂಗ್, ತಡ್ಕೋತಾಳೆ. ನೀವು ಸುಮ್ಮನಿದ್ದುಬಿಡಿ.”

ಅಧ್ಯಕ್ಷರು ಸುಮ್ಮನಿರಿ ಅಂದರೆ ಮೈಕ್ ಕಿತ್ತುಕೊಂಡು ಕೂಗುತ್ತಿದ್ದವಳು ನಾನು. “ಸರಿ ಸರ್” ಅಂದೆ. ಎಷ್ಟು ಬೇಗ ಅಂದೆ!

ಸೆಪ್ಟೆಂಬರ್ 15

ಸೋಮವಾರ, ಕಾರ್ಡ್ ಇಂಗ್ಲಿಷ್ ಕೊಡಬೇಕಿದ್ದ ದಿನ. ವಿಭಾಗೆ ಜ್ವರ ಅಂತ ಮೆಸೇಜ್ ಹಾಕಿದೆ. ಜ್ವರ ಇಲ್ಲ.

ಸೆಪ್ಟೆಂಬರ್ 19. ಶುಕ್ರವಾರ. ಬೆಳಿಗ್ಗೆ 10.30

ಮೂರು ದಿನ ಬರೆಯಲಿಲ್ಲ. ಇವತ್ತು ವಿಭಾ ಮೆಸೇಜ್: ಅಂಕಲ್ ಪ್ಲೀಗೆ ಒಪ್ಪಿದ್ದಾರೆ, ಸೋಮವಾರ ಸೈನ್ ಮಾಡಲು ಬರುತ್ತಾರೆ.

ಫೋನ್ ಮಾಡಿದೆ. ಪೀಠಿಕೆ ಹಾಕಲಿಲ್ಲ. “ವಿಭಾ, ಕಾರ್ಡ್‌ನಲ್ಲಿ ಎರಡನೇ ಸಾಲು ಇಲ್ಲ. ನಾನು ಹೊಡೆದುಹಾಕಿದೆ. ಮೊದಲನೆಯದನ್ನೂ ಬದಲಾಯಿಸಿದೆ. ಅಧಿಕಾರವೇ ಇಲ್ಲ ಅಂತ ಬರೆದೆ.”

ಆ ಕಡೆ ಕುರ್ಚಿ ಎಳೆದದ್ದು ಕೇಳಿಸಿತು.

“ಆಂಟಿ. ಇಂಗ್ಲಿಷ್‌ನಲ್ಲಿ ಇನ್ನೊಂದ್ ಸಲ ಹೇಳಿ. ಸ್ಲೋಲಿ. ಬರ್ಕೋತೀನಿ.”

ಹೇಳಿದೆ. ಒಂದೊಂದೇ ಶಬ್ದ. ಕೀಬೋರ್ಡ್ ಶಬ್ದ ಕೇಳುತ್ತಿತ್ತು.

“ವೈ?”

“ಘೋಷಣೆ ಚೆನ್ನಾಗಿರಲಿ ಅಂತ.”

“ನಾನು ಆ ಅಂಕಲ್‌ಗೆ ನಿಮಗೆ ಓದೋಕೆ ಬರಲ್ಲ ಅಂದೆ ಆಂಟಿ. ಟು ಹಿಸ್ ಫೇಸ್. ಅವರು ಸಾರಿ ಅಂದ್ರು. ಸಾರಿ ಅಂದ್ರು ನಂಗೆ!” ಅವಳ ದನಿ ಒಡೆಯಿತು. ನನ್ನದು ಒಡೆಯಲಿಲ್ಲ. ಅದಕ್ಕೂ ನಾಚಿಕೆ.

ಸೆಪ್ಟೆಂಬರ್ 22. ಸೋಮವಾರ. ಸಂಜೆ 4.00

ಕೋರ್ಟಿಗೆ ಕೊಡುವ ಪ್ರಮಾಣಪತ್ರಕ್ಕೆ ಸೈನ್ ಹಾಕಿದೆ. ಮೂರು ಪುಟ. ಏನು ಬರೆದುಕೊಟ್ಟಿದ್ದರು, ಏನು ಬಿಟ್ಟೆ, ಕೇಳಿದಾಗ ಏನು ಸುಳ್ಳು ಹೇಳಿದೆ. ವಿಭಾ ಎದುರಿಗೆ ಕೂತು ಓದಿದಳು, ಮುಖ ಎತ್ತಲಿಲ್ಲ. ಪ್ಲೀ ನಿಲ್ಲಿಸಿದ್ದಾಳೆ. ಅಪ್ಪಾಸಾಹೇಬರು ಓಡಿಹೋಗಲು ನೋಡಲಿಲ್ಲ, ಬರಹ ನಂಬಿ ನಡೆದರು ಅಂತ ವಾದ ಮಾಡುತ್ತಾಳಂತೆ. ಗೆಲ್ಲುತ್ತೀಯಾ ಅಂತ ಕೇಳಿದೆ.

“ಗೊತ್ತಿಲ್ಲ. ಬಟ್ ಈಗ ನಿಜ ಹೇಳ್ತೀವಿ. ಅಂಕಲ್‌ಗೆ ಪೇಪರ್‌ನಲ್ಲಿ ತೊಂದರೆ ಇದೆ, ಇನ್ನೊಂದು ದಾರಿ ನೋಡ್ತಿದೀನಿ ಅಂತ ಮಾತ್ರ ಹೇಳಿದೀನಿ. ಉಳಿದದ್ದು ನೀವು ಹೇಳ್ಬೇಕು. ನಾನಲ್ಲ.”

ಇನ್ನೊಂದು ಮಾತೂ ಅಂದಳು. “ಉಳಿದ ಕಾರ್ಡ್‌ಗಳು ಎಲ್ಲಿವೆ?”

ಎಲ್ಲಿವೆ! ನಾನೂರು ಗಾಡಿಯಲ್ಲಿ. ಇವತ್ತೂ ಫ್ರೀವೇ ಮೇಲೆ ಓಡುತ್ತಿವೆ. ಯಾವನೋ ಯೂನಿಫಾರ್ಮ್ ಹಾಕಿಕೊಂಡು ತನ್ನದಲ್ಲದ ಬೀದಿಗೆ ಇಳಿಯುತ್ತಾನೆ, ಯಾವುದೋ ಅಜ್ಜ ನನ್ನ ಘೋಷಣೆ ಕಿಟಕಿಯಿಂದ ಹೊರಗೆ ಹಿಡಿಯುತ್ತಾನೆ. ಮುಂದಿನ ಸಲ ಭುಜಕ್ಕೇ ಮುಗಿಯುತ್ತದೆ ಅಂತ ಯಾರು ಹೇಳಿದರು?

ಆ ಆಫೀಸರ್ ಮಿತಿ ಮೀರಿದ, ನಿಜ. ನಾನೂ ಮೀರಿದೆ. ಅವನ ಮೇಲೆ ದೂರು ಬರೆದವಳು ನಾನು. ನನ್ನ ಮೇಲೆ ಬರೆದವಳೂ ಈಗ ನಾನೇ. ಆದರೆ ಇದರಿಂದ ಅವನ ತಪ್ಪು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ದೂರು ವಾಪಸ್ ಇಲ್ಲ.

ಸೆಪ್ಟೆಂಬರ್ 23. ಮಂಗಳವಾರ

ಸಭೆ ಕರೆದೆ. ಸಂಘದ ಗ್ರೂಪ್‌ಗೆ ನಾನೇ ಹಾಕಿದೆ: ಹಳದಿ ಕಾರ್ಡ್ ಇರುವವರೆಲ್ಲ ತರಬೇಕು, ವಾಪಸ್ ಕೊಡಬೇಕು, ಹೊಸದು ಕೊಡುತ್ತೇವೆ, ವಿಭಾ ಬರುತ್ತಾಳೆ. ಕಾರಣ ಸಭೆಯಲ್ಲಿ ಹೇಳುತ್ತೇನೆ. ಹೊಸ ಕಾರ್ಡ್‌ನ ಕನ್ನಡವನ್ನು ಮೂವರ ಹತ್ತಿರ ಓದಿಸಿದೆ. ವಿಭಾಗೆ ಗಟ್ಟಿಯಾಗಿ ಓದಿ ಹೇಳಿದೆ, ಸಾಲು ಸಾಲು. ಅದರಲ್ಲಿ ಪ್ರಾಸ ಇಲ್ಲ. ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಸೀತಾರಾಮರು ಗ್ರೂಪ್‌ನಲ್ಲಿ ಏನೂ ಬರೆಯಲಿಲ್ಲ. ಐದು ನಿಮಿಷಕ್ಕೆ ಫೋನ್ ಬಂತು.

“ಮೇಡಂ, ಇದೆಲ್ಲ ಬೇಕಿತ್ತಾ?”

“ಬೇಕಿತ್ತು ಸರ್. ಜೂನ್‌ನಲ್ಲೇ ಬೇಕಿತ್ತು.”

ಸೆಪ್ಟೆಂಬರ್ 25. ಗುರುವಾರ. ಸಂಜೆ 6.10

ಅಪ್ಪಾಸಾಹೇಬರಿಗೆ ಫೋನ್ ಮಾಡಿದೆ. ಹೇಳಲೇಬೇಕು ಅಂತ ಮಾಡಿದ್ದು. ನಾನು ಬಾಯಿ ತೆರೆಯುವ ಮೊದಲೇ ಅವರು ಶುರುಮಾಡಿದರು.

“ಸಭಾದ ಸುದ್ದಿ ನೋಡಿದೆ ಅಕ್ಕಾರ. ಭಾಳ ಛಲೋ ಮಾಡಿದ್ರಿ. ನಾನೂ ಬರ್ತೀನಿ. ಮುಂದ ಕುಂತು, ಎದ್ದು ನಿಂತು ಹೇಳ್ತೀನ್ರಿ, ನಾ ನೆಟ್ಟಗ ಓದಲಿಲ್ಲ, ನನ್ನಂಗ ಯಾರೂ ಮಾಡಬ್ಯಾಡ್ರಿ ಅಂತ. ನಾಕ ಮಂದಿಗೆ ಬುದ್ಧಿ ಬಂದ್ರ ಸಾಕಲ್ಲ?”

“ಅಪ್ಪಾಸಾಹೇಬರೇ, ಕೇಳಿ ಇಲ್ಲಿ...”

“ಭಾಷಣ ಮಾಡಾಕ ಬರಂಗಿಲ್ರಿ ನನಗ. ನೀವ ಬರದು ಕೊಡ್ರಲ್ಲ ಅಕ್ಕಾರ, ಎರಡ ಸಾಲು. ಬಾಯಿಪಾಠ ಮಾಡ್ತೀನಿ.”

ಗುರುಶಾಂತವ್ವನ ದನಿ ಹಿಂದಿನಿಂದ, “ಬಾಯಿಪಾಠನರ ನೆಟ್ಟಗ ಮಾಡ್ರಿ!” ಇಬ್ಬರೂ ನಕ್ಕರು. ಆ ನಗುವಿಗೆ ಅಡ್ಡ ಹೋಗಿ ಫೋನ್‌ನಲ್ಲಿ ಹೇಳುವ ಮಾತಲ್ಲ ಇದು. ಅಥವಾ ಇದೂ ನನ್ನ ಹೇಡಿತನ, ಹೊಸ ಅಂಗಿ ಹಾಕಿಕೊಂಡು ಬಂದದ್ದು. ಇರಬಹುದು.

“ನಾನು ಏನೂ ಬರೆದುಕೊಡಲ್ಲ, ನೀವು ಏನೂ ಬಾಯಿಪಾಠ ಮಾಡಬೇಡಿ. ಸಭೆಗೆ ಮೊದಲು ಮನೆಗೆ ಬರ್ತೀನಿ. ಇಬ್ಬರೂ ಇರಿ. ನಿಮ್ಮ ಹತ್ತಿರ ಮಾತಾಡೋದಿದೆ” ಅಂದೆ.

“ಏನ್ರಿ ಅಂಥಾದ್ದು?”

“ಕಾರ್ಡ್‌ದು.”

“ಬರ್ರಿ ಬರ್ರಿ. ನಾಷ್ಟಾ ಇಲ್ಲೇ ಮಾಡೂಣಂತ.”

ನಾಷ್ಟಾ ಮಾಡುವುದಿಲ್ಲ. ಈ ಸಲ ನಿಂತುಕೊಂಡೇ ಹೇಳುತ್ತೇನೆ. ಸಭೆ ಹತ್ತೂವರೆಗೆ, ಅಲ್ಲೇ ಡೈಮಂಡ್ ಬಾರ್‌ನ ಕಮ್ಯುನಿಟಿ ರೂಮ್‌ನಲ್ಲಿ. ಅವರ ಮನೆಗೆ ಅದಕ್ಕೆ ಮೊದಲು. ಸೆಪ್ಟೆಂಬರ್ 27, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ, ಅವರು ಬಾಗಿಲು ತೆರೆದ ಕೂಡಲೇ, ಚಪ್ಪಲಿ ಬಿಡುವ ಮೊದಲೇ.